ನಾನಿಲ್ಲದಾಗ ನುಡಿದ ತಂಬೂರಿ

ಧಾರವಾಡದಲ್ಲಿ ನಾನು ನಕಲು ಮಾಡದೆ ಬಿಟ್ಟ ಮನುಷ್ಯರು ಕಡಿಮೆ. ಅಂಚೆಯವನು ಬಾಗಿಲಲ್ಲಿ ನಿಂತು ಕೆಮ್ಮುವ ಕೆಮ್ಮು, ನಮ್ಮ ಮಾಮಾ ನಶ್ಯ ಏರಿಸಿ ಸೀನಿನ ದಾರಿ ಕಾಯುವಾಗಿನ ಮುಖ, ಮಾಮಿ ಕಾಯಿಪಲ್ಲೆಯವಳ ಜೊತೆ ಜಗಳ ಮುಗಿಸಿ ಅದೇ ಉಸುರಿನಲ್ಲಿ ಅವಳ ಮಗಳ ಬಾಣಂತನ ವಿಚಾರಿಸುವ ಧಾಟಿ, ಹುಬ್ಬಳ್ಳಿ ಗಾಡಿಯ ಗಾರ್ಡು ಶಿಳ್ಳೆ ಊದುವ ಮೊದಲು ಮೀಸೆ ಒರೆಸಿಕೊಳ್ಳುವ ಗತ್ತು, ಎಲ್ಲ ನನ್ನ ಚೀಲದಲ್ಲಿತ್ತು. ಯಾರ ಮನೆಗೆ ಹೋದರೂ ಚಹಾ ಬರುವ ಮೊದಲೇ "ಅವರದೊಂದ್ ಮಾಡಪಾ, ಇವರದೊಂದ್ ಮಾಡಪಾ" ಎಂದು ಕೇಳಿಕೆ. ಮಾಡುತ್ತಿದ್ದೆ. ಹೊಟ್ಟೆ ಹಿಡಿದು ನಗುತ್ತಿದ್ದರು. ನಕ್ಕು ಮುಗಿದ ಮೇಲೆ ತಮ್ಮ ತಮ್ಮ ಮಾತಿಗೆ ಮರಳುತ್ತಿದ್ದರು. ನಾನು ಬಶಿಯಲ್ಲಿ ಉಳಿದ ಚಹಾ ಹೀರಿ ಎದ್ದು ಬರುತ್ತಿದ್ದೆ. ಇಷ್ಟು ಮಂದಿಯ ದನಿ ಹೊತ್ತು ತಿರುಗುವವನಿಗೆ ತನ್ನದೊಂದು ಮಾತು ಇರಬಹುದೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಖರೇ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ.

ಒಬ್ಬನ ನಕಲು ಮಾತ್ರ ನನ್ನ ಕೈಗೆ ಸಿಕ್ಕಿರಲಿಲ್ಲ. ಮೂರ್ಛೆ ಬಂದಾಗಿನ ನನ್ನದು.

ಅಮ್ಮಿನಬಾವಿಯಲ್ಲಿ, ಚಿಕ್ಕಂದಿನಲ್ಲಿ, ನಿಂತಲ್ಲೇ ಬೀಳುತ್ತಿದ್ದೆ. ಎಚ್ಚರಾದಾಗ ನಾಲಿಗೆ ಕಡಿದು ಬಾಯಿ ಉಪ್ಪಗಾಗಿರುತ್ತಿತ್ತು. ಮೂಗಿನ ಬುಡದಲ್ಲಿ ಜಜ್ಜಿದ ಉಳ್ಳಾಗಡ್ಡಿ, ಮುಷ್ಟಿಯಲ್ಲಿ ಯಾರೋ ತುರುಕಿದ ಕಬ್ಬಿಣದ ಬೀಗದಕೈ. ಕಬ್ಬಿಣ ಹಿಡಿಸಿದರೆ ಮೂರ್ಛೆ ಇಳಿಯುತ್ತದೆಂದು ನಮ್ಮ ಕಡೆ ನಂಬಿಕೆ. ಸುತ್ತಲೂ ಇಡೀ ಓಣಿ ನೆರೆದಿರುತ್ತಿತ್ತು. ನನ್ನ ಯಾವ ಆಟಕ್ಕೂ ಆಮೇಲೆ ಅಷ್ಟು ಜನ ಸೇರಿಲ್ಲ. ಮುಖ್ಯ ವೇಷ ನನ್ನದೇ, ಎಲ್ಲರೂ ನೋಡಿದ್ದಾರೆ, ವೇಷಗಾರನೊಬ್ಬ ನೋಡಿಲ್ಲ. "ನಾ ಹೆಂಗ ಮಾಡಿದೆ, ಸ್ವಲ್ಪ ಮಾಡಿ ತೋರಸ್ರಿ" ಎಂದು ಒಮ್ಮೆ ಕೇಳಿದ್ದೆ. ಅವ್ವ ಬೆನ್ನಿಗೊಂದು ಗುದ್ದಿ, ಒಳಗೆ ಹೋಗಿ ಅತ್ತಳು. ಆಮೇಲೆ ಕೇಳಲಿಲ್ಲ.

ಓದಿಗೆಂದು ಧಾರವಾಡಕ್ಕೆ ಮಾಮಾನ ಮನೆಗೆ ಬಂದ ಮೇಲೆ ಡಾಕ್ಟರರೊಬ್ಬರು ಬ್ರೋಮೈಡ್ ಔಷಧ ಸುರು ಮಾಡಿದರು. ಉಪ್ಪುಪ್ಪಾದ ನೀರು, ಕುಡಿದರೆ ಇಡೀ ದಿನ ತಲೆಯ ಮೇಲೆ ಹಸಿ ಕಂಬಳಿ ಹೊದ್ದಂತೆ.

"ತಲಿಯೊಳಗ ಸಣ್ಣ ಸಣ್ಣ ವಿದ್ಯುತ್ ಓಡಾಡತಿರ್ತದ. ಒಮ್ಮೊಮ್ಮೆ ಎಲ್ಲಾ ಕೂಡೇ ಸಿಡೀತದ. ಅದ ಮೂರ್ಛಿ" ಎಂದರು ಅವರು.

"ಡಾಕ್ಟರ್ ಸಾಹೇಬ್ರ, ನಮ್ಮ ಓಣಿಗೇ ಇನ್ನೂ ವಿದ್ಯುತ್ ಬಂದಿಲ್ರಿ. ನನ್ನ ತಲಿಗೆ ಹೆಂಗ ಬಂತು?"

ಅವರು ನಗಲಿಲ್ಲ. "ಔಷಧ ತಪ್ಪಸಬ್ಯಾಡ" ಎಂದು ಕಂಪೌಂಡರನ ಕಡೆ ಕೈ ಮಾಡಿದರು.

ಬೀಳುವುದು ನಿಂತಿತು. ಅದರ ಬದಲು ಬೇರೊಂದು ಬಂತು. ಮಾಮಿ ತಾಟಿಗೆ ಬಿಸಿ ಭಕ್ಕರಿ ಹಾಕುತ್ತಿದ್ದಾಳೆ. ನೋಡಿದರೆ ತಾಟು ಬರಿದಾಗಿದೆ, ನನ್ನ ಬೆರಳಿಗೆ ಪಲ್ಲೆ ಮೆತ್ತಿದೆ. ನಡುವೆ ಏನೂ ಇಲ್ಲ. ಕತ್ತಲೆಯಿಲ್ಲ, ನಿದ್ದೆಯಿಲ್ಲ, ಮರೆತೆನೆಂಬ ಭಾವವೂ ಇಲ್ಲ. ಭಕ್ಕರಿ ಬಿದ್ದ ಗಳಿಗೆಗೆ ಮೆತ್ತಿದ ಬೆರಳಿನ ಗಳಿಗೆ ಹೊಲಿದಂತೆ ಅಂಟಿಕೊಂಡಿದೆ. ಉಂಡವನು ಯಾರೋ, ಹೊಟ್ಟೆ ಮಾತ್ರ ನನ್ನದು ತುಂಬಿದೆ. ಚಿಕ್ಕಂದಿನಲ್ಲಿ ಇದರ ಉಲ್ಟಾ ಕೂಡ ಆಗುತ್ತಿತ್ತು: ಎಡಗೈ ಹೆಬ್ಬೆರಳು ತಾನೇ ಕುಣಿಯತೊಡಗುತ್ತಿತ್ತು, ನಾನು ಪೂರಾ ಎಚ್ಚರಿದ್ದು ಬೇರೆ ಯಾರದೋ ಬೆರಳೆಂಬಂತೆ ನೋಡುತ್ತ ಕೂಡುತ್ತಿದ್ದೆ. ಆಗ ಕೈ ಹೋಗುತ್ತಿತ್ತು, ನಾನಿರುತ್ತಿದ್ದೆ. ಈಗ ನಾನು ಹೋಗುತ್ತಿದ್ದೆ, ಕೈ ಇರುತ್ತಿತ್ತು.

ಮಾಮಾ ಸಾಲೆಯಲ್ಲಿ ಸಂಸ್ಕೃತ ಕಲಿಸುವವರು. ಇದೆಲ್ಲ ಕೇಳಿ ಅವರಿಗೆ ಹುರುಪು ಬಂತು.

"ಗಾಢ ನಿದ್ದಿಯಿಂದ ಎದ್ದ ಕೂಡ್ಲೆ ಏನಂತೀ?"

"ಚಹಾ ಆಗೇದೇನ್ರಿ ಮಾಮಿ ಅಂತೇನಿ."

"ಕತ್ತೀ ಮಗನ! 'ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ' ಅಂತೀ. ಏನೂ ಗೊತ್ತಾಗಲಿಲ್ಲ ಅಂಬೋದಾದ್ರೂ ಯಾರಿಗೋ ಗೊತ್ತಾಗಿರಬೇಕಲ್ಲ? ಅವನೇ ಸಾಕ್ಷಿ. ಓಣ್ಯಾಗಿನ ಕಂದೀಲು ಇದ್ದಂಗ. ಮಂದಿ ಅಡ್ಡಾಡಿದ್ರೂ ಉರೀತದ, ಯಾರೂ ಇಲ್ಲದಿದ್ರೂ ಉರೀತದ."

"ಮಾಮಾ, ಗೊತ್ತಾಗಲಿಲ್ಲ ಅಂಬೋದೂ ನನಗ ಗೊತ್ತಾಗೂದಿಲ್ರಿ. ಬೆರಳಿಗೆ ಪಲ್ಯಾ ಹತ್ತಿದ್ದು ನೋಡಿ ಲೆಕ್ಕಾ ಹಾಕ್ತೇನಿ."

ಮಾಮಾ ನಶ್ಯ ಏರಿಸಿದರು. ಸೀನು ಬರಲಿಲ್ಲ. "ನಿನ್ನ ಸಾಕ್ಷಿ ರಜಾ ಹಾಕ್ಯಾನ" ಎಂದು ಎದ್ದು ಹೋದರು.

ಸಂಗೀತಕ್ಕೆ ನಾನು ಹೋದದ್ದು ಇದೇ ದಿನಗಳಲ್ಲಿ, ಈಗಿನ ಮಹಾಯುದ್ಧ ಸುರುವಾಗುವುದಕ್ಕೆ ಮೊದಲು. ನಮ್ಮ ಗುರುಗಳನ್ನು ಎಲ್ಲರೂ ಬುವಾ ಎನ್ನುತ್ತಿದ್ದರು. ಒಂಟಿ ಮನುಷ್ಯ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಊರವರಿಗೆ ಅವರ ಮೇಲೆ ಗೌರವವಿತ್ತು, ಅವರ ಹಾಡಿನ ಮೇಲೆ ಇನ್ನೂ ಹೆಚ್ಚು. ಆದರೆ ಹಾಡಿನ ಬೈಠಕ್ಕಿನಲ್ಲಿ ಕೂತವರು, ಬುವಾ ನಿಧಾನದ ವಿಲಂಬಿತ ಹಾಡುವಾಗ ಎಲೆ ಅಡಿಕೆ ಹಾಕಿಕೊಂಡು, ಜೋರಿನ ತಾನ್‌ಗಳು ಸುರುವಾದಾಗ "ವಾಹ್" ಎನ್ನಲು ಬಾಯಿ ಖಾಲಿ ಮಾಡಿಕೊಳ್ಳುತ್ತಿದ್ದರು. ಅದು ಬುವಾ ಅವರಿಗೆ ಗೊತ್ತಿತ್ತು.

ನನ್ನ ಹಾಡು ಒಂದು ಮಳೆಗಾಲವಷ್ಟೇ ನಡೆಯಿತು. "ನಿನ್ನ ಗಂಟಲಾಗ ಊರ ಮಂದಿ ಎಲ್ಲಾ ಅದಾರ" ಎಂದರು ಒಂದು ಮುಂಜಾನೆ. "ನಾ ಕಲಿಸಿದ್ದನ್ನ ನನ್ನ ದನ್ಯಾಗ ತಿರುಗಿ ಒಪ್ಪಸ್ತಿ. ನಿಂದು ಎಲ್ಲೈತಿ? ಅದು ಬರೂತನಕಾ ತಂಬೂರಿ ಹಿಡಿ."

ಶಿಕ್ಷೆಯೆಂದು ಕೊಟ್ಟದ್ದು ನನಗೆ ಒಗ್ಗಿತು. ಬುವಾ ಅವರ ಬಲಭುಜದ ಹಿಂದಿನ ಆ ಜಾಗದಲ್ಲಿ ಕೂತರೆ ಯಾರೂ ನನಗೆ ಯಾರ ನಕಲನ್ನೂ ಕೇಳುತ್ತಿರಲಿಲ್ಲ. ನಾಲ್ಕು ತಂತಿ ಒಂದಾದ ಮೇಲೊಂದು, ಪಂಚಮ, ಷಡ್ಜ, ಷಡ್ಜ, ಕೆಳಗಿನ ಖರ್ಜದ ಷಡ್ಜ, ಮತ್ತೆ ಮೊದಲಿನಿಂದ. ಊರಿನಲ್ಲಿ ನಾನು ನಾನಾಗಿ ಸುಮ್ಮನೆ ಕೂಡಬಹುದಾದ ಜಾಗ ಅದೊಂದೇ. ಮೂರ್ಛೆಯ ಹುಡುಗನೆಂದು ಗೊತ್ತಾದರೆ ಅದು ಹೋಗುತ್ತಿತ್ತು. ತುಂಬಿದ ಬೈಠಕ್ಕಿನ ನಡುವೆ, ಗಾಜಿನಂಥ ವಾದ್ಯದ ಜೊತೆಗೆ, ಬೀಳುವವನನ್ನು ಯಾರು ಕೂಡಿಸಿಕೊಳ್ಳುತ್ತಾರೆ? ನನ್ನ ಹಿಂದೆ ಇನ್ನೊಬ್ಬ ಶಿಷ್ಯ, ದಪ್ಪ ಬೆರಳಿನ ಗಟ್ಟಿ ಹುಡುಗ, ಅದೇ ಜಾಗದ ಮೇಲೆ ಕಣ್ಣಿಟ್ಟು ಕಾಯುತ್ತಿದ್ದ. ಹೀಗಾಗಿ ನಾನು ಬಾಯಿ ಬಿಡಲಿಲ್ಲ. ಗೊತ್ತಿದ್ದವನು ಒಬ್ಬನೇ, ತಬಲಾ ಬಾರಿಸುವ ನನ್ನ ದೋಸ್ತ. ಅವನ ಅಪ್ಪ ಹುಬ್ಬಳ್ಳಿಯಲ್ಲಿ ತಗಡಿನ ಟ್ರಂಕು ಮಾಡುವವರು. ಮಗ ಮೊದಲು ಟ್ರಂಕು ಬಡಿದು ತಾಳ ಕಲಿತು, ಆಮೇಲೆ ತಬಲಾಕ್ಕೆ ಬಂದವನು. ತಬಲಾದವನಿಗೆ ಎಲ್ಲರ ಮುಖ ನೋಡುವ ರೂಢಿ. ಅವನೇ ಕಂಡುಹಿಡಿದ.

ನನ್ನನ್ನು ಬುವಾ ಮೊದಲ ಸಲ ಹೊಗಳಿದ ಮುಂಜಾನೆ ತೋಡಿ ನಡೆದಿತ್ತು. ಅವರು ಗಾಂಧಾರದ ಮೇಲೆ ನಿಂತಿದ್ದರು, ಅದರಿಂದ ಇಳಿಯಲು ಮನಸ್ಸಿಲ್ಲದವರಂತೆ ಅದನ್ನೇ ಸವರುತ್ತಿದ್ದರು. ಆ ಗಾಂಧಾರಕ್ಕೆ ಮೇಲಿನ ಷಡ್ಜ ಅಂಟಿಕೊಂಡು ಬಂತು. ಇಳಿದದ್ದಿಲ್ಲ, ಏರಿದ್ದಿಲ್ಲ. ಗಾಂಧಾರ, ಕೂಡಲೇ ಮೇಲಿನ ಷಡ್ಜ. ಬುವಾ ಅರ್ಧ ತಿರುಗಿ ನನ್ನನ್ನೇ ನೋಡುತ್ತಿದ್ದರು, ಕಣ್ಣು ಒದ್ದೆಯಾಗಿತ್ತು. ನಾನು ಬೈಗುಳಕ್ಕೆ ತಯಾರಾದೆ.

"ಇವನ್ನ ನೋಡ್ರಿ" ಎಂದರು ಉಳಿದವರಿಗೆ. "ಚೇಷ್ಟಿ ಮಾಡೋ ಹುಡುಗ ಅಂತಿದ್ರಿ. ಕಣ್ಣ ಸೈತ ಪಿಳುಕಸಲಿಲ್ಲ. ಹಿಂಗ ಮುಳುಗಬೇಕು ಸ್ವರದಾಗ."

ದೋಸ್ತ ನನ್ನ ಕಡೆ ನೋಡಿ, ತಲೆ ಬಗ್ಗಿಸಿ ತಬಲಾದ ತೊಗಲಿನ ಬಾದಿಯನ್ನು ಸುಮ್ಮನೆ ಎಳೆದ. ಸಾಲೆಗೆ ಬರದ ಹುಡುಗನಿಗೆ ಹಾಜರಿಯ ಬಹುಮಾನ ಕೊಟ್ಟಂತಾಗಿತ್ತು. ನಾನು ಕೈ ಮುಗಿದೆ. ಮತ್ತೇನು ಮಾಡಲಿ?

ಅದರ ನಂತರ ಬುವಾ ಬದಲಾದರು. ತಂಬೂರಿಯ ಜೊತೆ ನನ್ನನ್ನು ಪಕ್ಕಕ್ಕೇ ಕೂಡಿಸಿಕೊಳ್ಳತೊಡಗಿದರು. ವಿಲಂಬಿತ ಹಾಡುವಾಗ ಹೊರಳಿ ಹೊರಳಿ ನನ್ನ ಮುಖ ನೋಡುವರು. ನಾನಿದ್ದಾಗ ಅವರಿಗೆ ಸಿಗುತ್ತಿದ್ದದ್ದು ಮೂಗು ತುರಿಸಿಕೊಳ್ಳುವ, ಕಿಟಕಿಯ ಗುಬ್ಬಿ ನೋಡುವ ಹುಡುಗ. ಅವನಿಗೆ ಗದರುತ್ತಿದ್ದರು. ನಾನು ಹೋದಾಗ ಸಿಗುತ್ತಿದ್ದವನು ಬೇರೆ, ಅಲುಗಾಡದವನು. ಅವನಿಗಾಗಿ ಅವರು ಎಂದೂ ಯಾರಿಗೂ ಹಾಡದಂತೆ ಹಾಡುತ್ತಿದ್ದರಂತೆ. ನಾನು ಕೇಳಿಲ್ಲ. ದೋಸ್ತ ಹೇಳಿದ್ದು.

ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು. ನಗಬೇಡಿ, ನನ್ನದೇ ಅಂಗಿ ತೊಟ್ಟು, ನನ್ನದೇ ಬೆರಳಿನಿಂದ, ನನ್ನ ಗುರುವಿನ ಪ್ರೀತಿ ಗಳಿಸುತ್ತಿದ್ದ. ಯಾರದಾದರೂ ನಕಲು ಮಾಡುವವನು ನಾನು, ಇವನದು ಯಾಕೆ ಬಾರದು ಎಂದು ಹಟ ಹಿಡಿದೆ. ಸ್ಟೇಶನ್ ರಸ್ತೆಯ ಸೇತುವೆಯ ಕಟ್ಟೆಯ ಮೇಲೆ ದೋಸ್ತನನ್ನು ಕೂಡಿಸಿ, ಮಾಡಿ ತೋರಿಸೆಂದೆ.

"ಬ್ಯಾಡಲೇ ನಕಲಿ. ಅದು ಛಲೋ ಅಲ್ಲ."

"ನಿಮ್ಮಪ್ಪಂದು ನಿನ್ನ ಮುಂದ ಎಷ್ಟ ಸಲ ಮಾಡಿಲ್ಲ? ನಕ್ಕಿ ಇಲ್ಲ? ಸಾಲಾ ತೀರಸು."

ಅವನು ಒಂದು ಗಳಿಗೆ ಕೆಳಗೆ ನೋಡಿದ. ಆಮೇಲೆ ಅವನ ಮುಖದಿಂದ ಏನೋ ಇಳಿದುಹೋಯಿತು. ಕಣ್ಣು ತೆರೆದೇ ಇತ್ತು, ನನ್ನ ಭುಜದಾಚೆ ಎಲ್ಲೋ ನಿಂತಿತು. ತುಟಿ ಎಲೆ ಅಗಿಯುವವರಂತೆ ಮೆಲ್ಲಗೆ ಆಡಿತು. ಬಲಗೈ ಬೆರಳು ಗಾಳಿಯಲ್ಲಿ ಇಲ್ಲದ ತಂತಿಗಳನ್ನು ಮೀಟುತ್ತ ಹೋಯಿತು. ಒಂದು ಎತ್ತಿನ ಗಾಡಿ ಕಟಕಟ ಎನ್ನುತ್ತ ಹಾದುಹೋಯಿತು, ಆ ಕಣ್ಣು ಅದರ ಕಡೆ ಹೊರಳಲಿಲ್ಲ. ಅಷ್ಟು ಮಂದಿಯ ನಕಲು ಮಾಡಿದವನು, ನನ್ನ ನಕಲು ಇನ್ನೊಬ್ಬ ಮಾಡಿದ್ದನ್ನು ಅಂದೇ ಮೊದಲು ನೋಡಿದ್ದು. ಸಾಕು ಎಂದೆ. ಅವನು ನಿಲ್ಲಿಸಿದ.

"ಒಮ್ಮೆ ಮಾತಾಡ್ಸಿದ್ದೆ ಅವನ್ನ" ಎಂದ. "ನೀರ ಬೇಕೇನಲೇ ಅಂದೆ."

"ಏನಂದ?"

"ಹೂಂ ಅಂದ. ಕೊಟ್ರ ಕುಡೀಲಿಲ್ಲ."

"ನನ್ನ ದನ್ಯಾಗ ಅಂದನೋ, ಯಾರದರ ದನ್ಯಾಗೋ?"

"ನಿನ್ನ ದನಿ ಯಾವದು ಅಂತ ನನಗೇನ್ ಗೊತ್ತೋ ಮಾರಾಯಾ? ಅದು ಯಾರ ದನಿನೂ ಅನಸಲಿಲ್ಲ, ಅದಕ್ಕ ನಿಂದ ಇರಬೇಕು ಅನಸ್ತು."

ಮಾಮಾನ ಕ್ಷೌರದ ಕನ್ನಡಿ ಮುಂದೆ ಕೂತು ಆ ಮುಖ ಸಾಧನೆ ಮಾಡಿದೆ. ಕಣ್ಣು ನಿಂತಿತು, ತುಟಿ ಆಡಿತು. ಮಾಮಿ ನೋಡಿ ಹೌಹಾರಿ ಬೀಗದಕೈ ತರಲು ಓಡಿದಳು. ಅಂದಮೇಲೆ ಪಾಸಾದೆ ಎಂದುಕೊಂಡೆ. ಮರುದಿನ ಬುವಾ ಗಾಂಧಾರಕ್ಕೆ ಬಂದಾಗ ಅದನ್ನು ತೊಟ್ಟುಕೊಂಡೆ. ಅವರು ಹೊರಳಿ ನೋಡಿದರು, ಹಾಡು ನಿಲ್ಲಿಸಿದರು.

"ಇವತ್ತ ಯಾಕ ನಾಟಕಾ ಮಾಡಾಕತ್ತಿ?"

ಹೇಗೆ ಗೊತ್ತಾಯಿತೋ. ನಾನು ಬಹಳ ದಿನ ಯೋಚಿಸಿದ್ದೇನೆ. ನಕಲು ಮಾಡುವವನು ಮಾಡುತ್ತಲೇ ಎದುರಿನವರ ಮುಖ ನೋಡುತ್ತಿರುತ್ತಾನೆ, ನಗು ಬಂತೋ ಇಲ್ಲವೋ ಎಂದು. ಆ ಇನ್ನೊಬ್ಬ ಯಾರನ್ನೂ ನೋಡುತ್ತಿರಲಿಲ್ಲ. ಆ ನೋಡದಿರುವಿಕೆಯನ್ನು ನೋಡಿ ಕಲಿಯಲು ಬರುವುದಿಲ್ಲ.

ಹುಬ್ಬಳ್ಳಿಯ ಅರಳೆಯ ವ್ಯಾಪಾರಿಯೊಬ್ಬರ ಮನೆಯಲ್ಲಿ ಬೈಠಕ್ ಗೊತ್ತಾಯಿತು. ಮುಂಜಾನೆಯ ಹೊತ್ತು. ದೊಡ್ಡ ದೊಡ್ಡ ಕೇಳುಗರು ಬರುವವರಿದ್ದರು. ದಪ್ಪ ಬೆರಳಿನವನು ಬುವಾ ಅವರ ಮುಂದೆ ಸುಳಿದಾಡಿದ. ಬುವಾ ಅವನ ಕಡೆ ನೋಡದೆ ನನಗೆ ಹೇಳಿದರು, "ತಂಬೂರಿ ಗವಸು ಒಣಗ ಹಾಕು. ನೀ ಬರಬೇಕು."

ದೋಸ್ತ ನನ್ನನ್ನು ಹೊರಗೆ ಎಳೆದ. "ಹೇಳಿಬಿಡಲೇ. ಅಲ್ಲಿ ಹೋದಿ ಅಂದ್ರ?"

"ಹೋದ್ರ ಏನಾತು? ನಾ ಹೋದಾಗ ತಂಬೂರಿ ಛಲೋನ ನುಡೀತೈತೆಲ್ಲ. ಎಲ್ಲಾರೂ ಅದನ್ನ ಹೇಳ್ತೀರಿ. ಇದ್ರ ಬೈತಾರ, ಹೋದ್ರ ಹೊಗಳ್ತಾರ. ಹೋಗೂದ ವಾಸಿ."

ಮಾತು ಚೇಷ್ಟೆಯದು. ಒಳಗೆ ನನಗೂ ಅದೇ ಅನುಮಾನ ಕೊರೆಯುತ್ತಿತ್ತು. ಕೈಗೆ ಎಲ್ಲ ಬರುತ್ತದೆ, ನಾನಿಲ್ಲದೆಯೂ ಉಣ್ಣುತ್ತದೆ, ನಡೆಯುತ್ತದೆ, ಹೂಂ ಎನ್ನುತ್ತದೆ, ನಾಲ್ಕು ತಂತಿಯನ್ನು ನನಗಿಂತ ಚೊಕ್ಕ ಮೀಟುತ್ತದೆ. ಹಾಗಾದರೆ ಉಳಿದ ಹೊತ್ತು ನಾನು ಇಲ್ಲಿ ಕೂತು ಮಾಡುವ ಕೆಲಸವೇನು?

ಆ ಮುಂಜಾನೆ ವ್ಯಾಪಾರಿಗಳ ಪಡಸಾಲೆ ತುಂಬಿತ್ತು. ಬಿಳಿ ಗಾದಿ, ಲೋಡು, ಗುಲಾಬಿ ನೀರು. ಹೊತ್ತೇರಿದಂತೆ ಕಿಟಕಿಯ ಬಿಸಿಲು ಸರಿಯುತ್ತ ತಂಬೂರಿಯ ಮೇಲೆ ಬೀಳತೊಡಗಿತು. ನಾನು ಅದನ್ನು ನೋಡಿದ್ದು ನೆನಪಿದೆ. ಸ್ವಲ್ಪ ಹಿಂದೆ ಸರಿಯಬೇಕು ಎಂದುಕೊಂಡದ್ದೂ ನೆನಪಿದೆ. ಬುವಾ ತೋಡಿಯ ವಿಲಂಬಿತದಲ್ಲಿದ್ದರು. ಅವರ ಎಡಗೈ ನಿಧಾನ ಮೇಲೇಳುತ್ತಿತ್ತು.

ಅದಕ್ಕೆ ಅಂಟಿಕೊಂಡು ಬಂದದ್ದು ನಿಂತುಹೋದ ಹಾಡು. ಬುವಾ ಹಾಡುತ್ತಿಲ್ಲ. ಪೂರ್ತಿ ನನ್ನ ಕಡೆ ತಿರುಗಿ ಕೂತಿದ್ದಾರೆ, ಅವರ ಒಂದು ಕೈ ತಂಬೂರಿಯ ಬಿರಡೆಯ ಮೇಲಿದೆ. ದೋಸ್ತ ತಬಲಾ ಬಿಟ್ಟು ಬಾಗಿ ಅಂಗೈಯಿಂದ ತಂತಿಗಳನ್ನು ಒತ್ತಿ ಹಿಡಿದಿದ್ದಾನೆ. ಪಡಸಾಲೆಯ ತುಂಬ ನಗು, ಯಾರೋ ಹಿಂದಿನಿಂದ ಹೇಳುತ್ತಿದ್ದಾರೆ, "ಆ ನಕಲಿ ಹುಡುಗ ಅಲ್ಲೇನು? ಬುವಾ ಅವರನ್ನೂ ಬಿಡಲಿಲ್ಲ ನೋಡ್ರಿ!"

ನಡೆದದ್ದನ್ನು ದೋಸ್ತ ಆಮೇಲೆ ಹೇಳಿದ. ಬಿಸಿಲಿಗೆ ಪಂಚಮದ ತಂತಿ ಇಳಿದಿತ್ತು. ಒಡಕು ಕೊಡ ಬಡಿದಂತೆ ಕೇಳುತ್ತಿತ್ತು. ಬುವಾ ಮೊದಲು ಎಡಗೈಯಿಂದ ಸನ್ನೆ ಮಾಡಿದರು. ಆಮೇಲೆ ಕೆಮ್ಮಿದರು. ಆಮೇಲೆ ಹಾಡಿನ ನಡುವೆಯೇ ಮೆಲ್ಲಗೆ "ಪಂಚಮ" ಎಂದರು. ನಾನು "ಹೂಂ" ಎಂದೆನಂತೆ. ಎಂದು, ಅದೇ ಕೆಟ್ಟ ತಂತಿಯನ್ನು ಅದೇ ಹದದಲ್ಲಿ, ಒಂದಿಷ್ಟೂ ಅಲುಗದೆ, ಮತ್ತೆ ಮತ್ತೆ ಮೀಟುತ್ತ ಹೋದೆನಂತೆ. ಅವರು ದನಿ ಎತ್ತಿ ಹೇಳಿದರು. ಮತ್ತೆ ಹೂಂ. ಜನ ಇದನ್ನು ನನ್ನ ಆಟವೆಂದು ತಿಳಿದು ನಗತೊಡಗಿದರು.

ಬುವಾ ತಾವೇ ತಂತಿ ಸರಿ ಮಾಡಿ ಬೈಠಕ್ ಮುಗಿಸಿದರು. ಊಟಕ್ಕೆ ನಿಲ್ಲದೆ ಸ್ಟೇಶನ್ನಿಗೆ ನಡೆದರು.

ಗಾಡಿಯಲ್ಲಿ ಎದುರುಬದರು ಕೂತೆವು. ನವಲೂರಿನಲ್ಲಿ ಗಾಡಿ ನಿಂತಿತು. ಗಾರ್ಡಿನ ಶಿಳ್ಳೆ ಕೇಳಿ ನಾನು ರೂಢಿಯಂತೆ ಮೀಸೆ ಒರೆಸಿಕೊಂಡು ತೋರಿಸಿದೆ. ಯಾರೂ ನಗಲಿಲ್ಲ, ನನ್ನ ಕೈ ಅಲ್ಲೇ ಉಳಿಯಿತು.

"ಮುಳುಗಿದವಗ ಅದು ಮೊದಲು ಕೇಳಬೇಕು" ಎಂದರು ಬುವಾ. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. "ತಂತಿ ಕೂದಲೆಳಿ ಇಳದ್ರೂ ಮುಳುಗಿದವಗ ಮುಳ್ಳು ಚುಚ್ಚಿದಂಗ ಆಗಬೇಕು. ನಿನಗ ಆಗಲಿಲ್ಲ. ಎಲ್ಲಿದ್ದಿ ನೀ?"

"ಎಲ್ಲೂ ಇರಲಿಲ್ರಿ."

ಅಮ್ಮಿನಬಾವಿಯಿಂದ ಹಿಡಿದು ಎಲ್ಲ ಹೇಳಿದೆ. ಯಾರ ದನಿಯೂ ಬರಲಿಲ್ಲ ಆಗ ಬಾಯಿಗೆ. ಅವರು ಕಿಟಕಿಯಾಚೆ ನೋಡುತ್ತ ಕೇಳಿದರು.

"ಹಂಗಾರ ಆ ದಿನಾ? ಮೊದಲ ಸಲ ತೋಡಿ ಹಾಡಿದಾಗ?"

"ಇರಲಿಲ್ರಿ."

"ಶ್ರಾವಣದಾಗ? ಮಳಿ ಹತ್ತಿತ್ತು, ದೀಪಾ ಹಚ್ಚಿದ್ವಿ ಹಗಲಿಗೇ..."

"ನನಗ ಆ ಹಾಡ ನೆನಪಿಲ್ರಿ. ಇರಲಿಲ್ಲ ಕಾಣಸ್ತದ."

ಅವರು ಇನ್ನೂ ಒಂದೆರಡು ದಿನಗಳ ಹೆಸರು ಹೇಳಿದರು. ಪ್ರತಿಯೊಂದಕ್ಕೂ ನಾನು ತಲೆ ಅಲ್ಲಾಡಿಸಿದೆ. ಅವು ಅವರು ತಮ್ಮ ಜೀವಮಾನದಲ್ಲೇ ಛಲೋ ಹಾಡಿದ ದಿನಗಳೆಂದು ನನಗೆ ಆಗ ತಿಳಿಯಿತು. ದೋಸ್ತ ತಬಲಾದ ಚೀಲವನ್ನು ಬಿಗಿಯಾಗಿ ಹಿಡಿದು ಕೂತಿದ್ದ.

"ಒಬ್ಬರಾದ್ರೂ ಕೇಳಾಕತ್ತಾರ ಅಂತ ತಿಳಕೊಂಡಿದ್ದೆ ನಾ" ಎಂದರು ಬುವಾ. "ಯಾರ ಮುಂದ ಹಾಡಿದೆ ಹಂಗಾರ?"

ಈವರೆಗೆ ನಾನೊಬ್ಬನೇ ಮೋಸಹೋಗಿದ್ದೇನೆ ಎಂದುಕೊಂಡಿದ್ದೆ. ಒಂದು ಖಾಲಿ ಕುರ್ಚಿಯನ್ನು ಇಬ್ಬರೂ ಮನುಷ್ಯನೆಂದು ತಿಳಿದಿದ್ದೆವು. ನಾನು ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟೆ, ಅವರು ಅವನಿಗಾಗಿ ಹಾಡಿದರು.

ಮನೆಗೆ ಬಂದು ಮಾಮಾನಿಗೆ ತಂತಿಯ ಕಥೆ ಹೇಳಿದೆ. ಅವರು ಸೋಲುವವರಲ್ಲ.

"ಸಾಕ್ಷಿ ಅಂದ್ರ ನೋಡವ. ತಿದ್ದವ ಅಲ್ಲ" ಎಂದರು. "ತಂತಿ ಇಳದದ್ದು ಅವ ನೋಡಿರ್ತಾನ. ಸುಮ್ಮನಿರ್ತಾನ."

"ಹಂಗಾರ ಅವನ ಜೋಡಿ ನನಗೇನ್ ಕೆಲಸಾ ಮಾಮಾ? ಕೆಟ್ಟದ್ದು ಕೇಳಿ ಸುಮ್ಮನಿರವ ಇದ್ರೇನು, ಬಿಟ್ರೇನು?"

ಮಾಮಾ ನಶ್ಯದ ಡಬ್ಬಿ ತೆರೆದು, ಯಾಕೋ ಹಾಗೇ ಮುಚ್ಚಿದರು. ನನ್ನ ತಲೆಯ ಮೇಲೆ ಕೈಯಿಟ್ಟರು. ಅವರು ಹಾಗೆ ಮಾಡುವ ಮನುಷ್ಯರಲ್ಲ.

ಚಾಪೆಯ ಮೇಲೆ ಬಿದ್ದುಕೊಂಡು ನಾನು ಮಾಡಿದ ಲೆಕ್ಕ ಇಷ್ಟು. ಕೈಗೆ ಮುಂದುವರಿಸಲು ಬರುತ್ತದೆ. ಹೂಂ ಎನ್ನಲು ಬಾಯಿಗೆ ಬರುತ್ತದೆ. ಕಿವಿ ಕೂಡ ಮುಚ್ಚಿರಲಿಲ್ಲ. "ಪಂಚಮ" ಎಂಬ ಮಾತು ಒಳಗೆ ಹೋಗಿ ಹೂಂ ಆಗಿ ಹೊರಬಂದಿತ್ತು. ಆಗದೆ ಉಳಿದದ್ದು ಒಂದೇ: ಇದು ಕೆಟ್ಟಿದೆ ಎಂದು ಯಾರಿಗೂ ಅನಿಸಲಿಲ್ಲ. ಆ ಅನಿಸುವುದಷ್ಟೇ ನಾನಿರಬೇಕು. ತಂತಿ ಇಳಿದರೆ ಮೈ ಮುಳ್ಳಾಗುವುದು, ನಗು ಬರದಿದ್ದರೆ ಕೈ ಅಲ್ಲೇ ಉಳಿಯುವುದು. ಬಹಳ ಸಣ್ಣ ನೌಕರಿ. ಡಾಕ್ಟರರಿಗೂ ಹೇಳಿದೆ. "ಹಂಗೂ ಇರಬಹುದು" ಎಂದು ಬ್ರೋಮೈಡ್ ಸ್ವಲ್ಪ ಹೆಚ್ಚಿಸಿದರು.

ನಾನು ಬುವಾ ಅವರ ಮನೆಗೆ ಹೋಗುವುದನ್ನು ಬಿಟ್ಟೆ. ಓಣಿಯಲ್ಲಿ ಯಾರೋ ಹುಬ್ಬಳ್ಳಿ ಬೈಠಕ್ಕಿನ ಆಟ ಮಾಡಿ ತೋರಿಸು ಎಂದರು. ಮಾಡಲಿಲ್ಲ. ಒಂದು ವಾರವೋ ಏನೋ ಕಳೆದ ಮೇಲೆ ದೋಸ್ತ ಬಂದ.

"ಬಾ ಅಂದಾರ."

"ತಂಬೂರಿಗೆ?"

"ಬೈಠಕ್ಕಿಗೆ ಆ ದಪ್ಪ ಬಟ್ಟಿನಂವನ್ನ ತಗೊಂಡ್ರು. ಅದು ಆಗಿಹೋತು, ಬಿಡು. ನೀ ಮುಂಜಾನಿ ಬಾ ಅಂದಾರ."

ಆ ಜಾಗ ಹೋಗಿತ್ತು. ಹೋಗುತ್ತದೆಂದು ಗೊತ್ತೇ ಇತ್ತು. ಹೋದೆ. ಬುವಾ ನನ್ನನ್ನು ಹಿಂದೆಯೂ ಅಲ್ಲ, ಪಕ್ಕಕ್ಕೂ ಅಲ್ಲ, ಎದುರಿಗೆ ಕೂಡಿಸಿ ತಂಬೂರಿ ಕೊಟ್ಟರು. ಹಾಡತೊಡಗಿದರು. ಮೂಗು ತುರಿಸಿಕೊಂಡೆ, ಗದರಿದರು. ಆ ಮುಂಜಾನೆ ನನ್ನ ತೋಡಿಯಲ್ಲಿ ಒಂದು ಸ್ವರವೂ ಕಾಣೆಯಾಗಲಿಲ್ಲ. ಗಾಂಧಾರದಿಂದ ಅವರು ಹೇಗೆ ಇಳಿದರು, ಎಲ್ಲಿ ತಡೆದರು, ಹೇಗೆ ಮೇಲಕ್ಕೆ ಹೋದರು, ಎಲ್ಲ ಕೇಳಿದೆ. ಮೂರ್ಛೆ ನನ್ನನ್ನು ಬಿಟ್ಟಿತೆಂದು ಹಿಗ್ಗಿದೆ. ಹೊರಗೆ ಬಂದ ಮೇಲೆ ದೋಸ್ತನಿಗೆ ಹೇಳಿದೆ.

"ಎಲ್ಲಿ ಬಿಟ್ಟೈತಿ?" ಎಂದ ಅವನು. "ಗಾಂಧಾರದ ಮ್ಯಾಲೆ ಹೋಗಿದ್ದಿ. ಬುವಾ ಹಾಡು ನಿಲ್ಲಿಸಿ ಕೂತ್ರು, ನನಗೂ ಕೈ ಮಾಡಿ ನಿಲ್ಲಿಸಿದ್ರು. ನೀ ಬಂದ ಮ್ಯಾಲೆ ಅಲ್ಲಿಂದನ ಎತಗೊಂಡ್ರು."

ಆಮೇಲೆ ಯಾವಾಗಲೂ ಹಾಗೆಯೇ. ನಾನು ಹೋದಷ್ಟು ಹೊತ್ತು ಅವರು ಸುಮ್ಮನೆ ಕೂಡುತ್ತಾರೆ. ಯಾರೂ ನುಡಿಸದ ತಂಬೂರಿ ನುಡಿಯುತ್ತಿರುತ್ತದೆ. ಒಂದು ದಿನ ಧೈರ್ಯ ಮಾಡಿ ಕೇಳಿದೆ, ನಾ ಬಂದದ್ದು ನಿಮಗ ಹೆಂಗ ಗೊತ್ತಾಗತೈತ್ರಿ ಎಂದು.

"ಅವ ಛಲೋ ನುಡಸ್ತಾನ. ನಿನಗಿಂತ ಛಲೋ" ಎಂದರು ಬುವಾ. "ನಡುವ ಒಂದ್ ಕಡೆ ಬಟ್ಟು ಮುಗ್ಗರಸತೈತಿ. ಆಗ ನೀ ಬಂದಿ ಅಂತ ತಿಳೀತೈತಿ. ಹಾಡ್ತೇನಿ."

ಹೊರಗಿನ ಬೈಠಕ್ಕುಗಳಿಗೆ ಅವರು ಹೋಗುವಾಗ ನಾನು ಸ್ಟೇಶನ್ನಿನ ತನಕ ತಂಬೂರಿ ಹೊತ್ತು ಹೋಗುತ್ತೇನೆ. ಕಳೆದ ಸಲವೂ ಹೋಗಿದ್ದೆ. ದಪ್ಪ ಬೆರಳಿನವನು ಮೊದಲೇ ಏರಿ ಕಿಟಕಿಯ ಹತ್ತಿರ ಕೂತಿದ್ದ. ಗವಸಿನ ಕೊರಳು ಹಿಡಿದು ಮೆಲ್ಲಗೆ ಒಳಗೆ ಕೊಟ್ಟೆ.

"ಬಿಸಲಾಗ ಕೂಡಬ್ಯಾಡ" ಎಂದೆ. "ಪಂಚಮ ಇಳೀತೈತಿ."

"ನನಗ ಗೊತ್ತೈತೇಳಪಾ" ಎಂದ ಅವನು.

ಬುವಾ ಒಳಗಿನಿಂದ ನನ್ನ ಕಡೆ ನೋಡಿ ತಲೆಯಾಡಿಸಿದರು. ಗಾಡಿ ಹೊರಟಿತು. ನಾನು ಹಮಾಲರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದು, ಮಾಮಾನ ಮನೆಯ ಕಡೆ ನಡೆದೆ. ದಾರಿಯುದ್ದಕ್ಕೂ ಬಲಗೈ ಬೆರಳನ್ನು ಒಮ್ಮೊಮ್ಮೆ ನೋಡಿಕೊಳ್ಳುತ್ತಿದ್ದೆ, ಇಲ್ಲದ ತಂತಿ ಮೀಟುತ್ತ ಆಡುತ್ತಿದೆಯೋ ಎಂದು.